ಬೆಳಗಾಗುವಷ್ಟರಲ್ಲಿ ಟಾರ್ಚ್ ಹವಳದ ಒಂದು ಪಕ್ಕ ಸುಟ್ಟಂತಾಗುತ್ತಿದೆ. ಯಾರ ಕೆಲಸ ಇದು?

ನೀಲಿಗಾಜು
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಸಿಹಿನೀರಿನ ಮೀನು ಸಾಕಿ, ಏಳು ತಿಂಗಳ ಹಿಂದೆ ಧೈರ್ಯ ಮಾಡಿ 220 ಲೀಟರಿನ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿದೆ. ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಮೀನುಗಳು: ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಸಿಕ್ಸ್‌ಲೈನ್ ರಾಸ್, ಒಂದು ವಾಚ್‌ಮನ್ ಗೋಬಿ ಮತ್ತು ಅದರ ಜೊತೆಗಾರ ಪಿಸ್ತೂಲ್ ಸೀಗಡಿ. ಹವಳಗಳು: ಜೊವಾ, ಒಂದು ಲೆದರ್, ಟಾರ್ಚ್, ಹ್ಯಾಮರ್, ಗ್ಯಾಲಕ್ಸಿಯಾ.

ನೀರು: ಸಾಂದ್ರತೆ 1.025, ಉಷ್ಣತೆ 26, ಆಲ್ಕಲಿನಿಟಿ (ಕ್ಷಾರೀಯತೆ) 8.2 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300, ನೈಟ್ರೇಟ್ 5, ಫಾಸ್ಫೇಟ್ 0.05.

ಎರಡು ವಾರದಿಂದ ದಿನಾ ಬೆಳಗ್ಗೆ ಎದ್ದು ನೋಡಿದರೆ ಟಾರ್ಚ್‌ನ ಬಲಗಡೆ ಮುದುಡಿಕೊಂಡಿರುತ್ತದೆ. ಈಗ ಅಲ್ಲಿ ಉಗುರಿನಷ್ಟು ಅಗಲ ಬಿಳಿ ಮೂಳೆ ಕಾಣುತ್ತಿದೆ. ಎಡಗಡೆ ಮಾತ್ರ ಏನೂ ಆಗದವರ ಹಾಗೆ ಆರಾಮಾಗಿ ಆಡುತ್ತಿರುತ್ತದೆ. ಹಿಂದುಗಡೆ ಕೊಳೆ ಕೂರುತ್ತಿತ್ತು ಅಂತ ನೀರು ತಳ್ಳುವ ಪಂಪ್, ಪವರ್‌ಹೆಡ್ ಅನ್ನು ಎಡಗಾಜಿನಿಂದ ಬಲಗಾಜಿಗೆ ಬದಲಾಯಿಸಿದ್ದು ಬಿಟ್ಟರೆ ನಾನು ಬೇರೇನೂ ಮುಟ್ಟಿಲ್ಲ. ನಿನ್ನೆ ಆ ಗಾಯದ ಮೇಲೆ ಒಂದು ಬ್ರಿಸಲ್ ಹುಳು ಕೂತಿತ್ತು. ಅದೇ ಕಳ್ಳನಾ?

ಇನ್ನೊಂದು, ಮಗಳು ನೀಲಿ ಟ್ಯಾಂಗ್ ಮೀನು ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹಾಕಬಹುದಾ?

ಸೀಗಡಿಸಾಮಿ
ಫೋಟೋ ಹಾಕಿ ಸರ್. ಫೋಟೋ ಇಲ್ಲದೆ ಹೇಳೋದು ಕಣಿ ಹೇಳಿದ ಹಾಗೆ.

ಕಪ್ಪುಮರಳು
ಬ್ರಿಸಲ್ ಹುಳುವೇ. ನನ್ನ ಟ್ಯಾಂಕಿನಲ್ಲೂ ಹಿಂಗೇ ಆಗಿತ್ತು. ಹುಳು ಕಂಡ ಮಾರನೇ ದಿನ ಹವಳ ಹೋಯಿತು. ಬೋನು ಇಟ್ಟು ಹಿಡಿಯಿರಿ, ಒಂದನ್ನೂ ಬಿಡಬೇಡಿ.

ಹಳೇಬಕೆಟ್
@ಕಪ್ಪುಮರಳು ಹೆಣದ ಹತ್ತಿರ ಕಾಗೆ ಕಂಡರೆ ಕಾಗೆಯೇ ಕೊಂದಿತು ಅಂತೀರಾ? ಬ್ರಿಸಲ್ ಹುಳು ಸತ್ತ ಮಾಂಸ, ಉಳಿದ ಮೀನಿನ ಆಹಾರ ತಿಂದು ಬದುಕುವ ಜೀವ. ನಮ್ಮ ಟ್ಯಾಂಕಿನ ಕಸ ಗುಡಿಸುವವರು ಅವರೇ. ಬೆಂಕಿಹುಳು ಅಂತ ಹವಳ ತಿನ್ನುವ ದಾಯಾದಿ ಒಂದಿದೆ ನಿಜ. ಆದರೆ ಮನೆ ಟ್ಯಾಂಕಿನಲ್ಲಿ ಸಿಗುವುದರಲ್ಲಿ ಹೆಚ್ಚಿನವು ಪಾಪದವು. ಬರಿಗೈಯಲ್ಲಿ ಮುಟ್ಟಬೇಡಿ ಅಷ್ಟೇ, ಗಾಜಿನ ಎಳೆಯಂಥ ಮುಳ್ಳು ಚರ್ಮದೊಳಗೆ ಮುರಿದುಕೊಂಡು ದಿನಗಟ್ಟಲೆ ಉರಿಯುತ್ತದೆ.

ರೀಫ್‌ರಾಜ
ಡಿಕೆಎಚ್ 8.2 ಕಡಿಮೆ ಆಯ್ತು. 11ಕ್ಕೆ ಏರಿಸಿ. ನಾನು ವರ್ಷಗಟ್ಟಲೆ 11ರಲ್ಲೇ ಇಟ್ಟಿದ್ದೇನೆ, ಹವಳಗಳು ಓಡುತ್ತವೆ.

ಹಳೇಬಕೆಟ್
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸಮುದ್ರದ ನೀರೇ ಸುಮಾರು 7 ಡಿಕೆಎಚ್ ಇರುವಾಗ 8.2 ಹೇಗೆ ಕಡಿಮೆ ಆಗುತ್ತದೆ ಸ್ವಾಮಿ? ನಿಮ್ಮ ಟ್ಯಾಂಕ್ 11ರಲ್ಲಿ ಚೆನ್ನಾಗಿದ್ದರೆ ಅದು 11 ಇರುವುದರಿಂದ ಅಲ್ಲ, ಅದು ಅಲ್ಲಾಡದೆ ಇರುವುದರಿಂದ. ಈ ಮನುಷ್ಯ ನಾಳೆ ಬೆಳಗ್ಗೆ ಪುಡಿ ಸುರಿದು ಒಂದೇ ದಿನಕ್ಕೆ ಮೂರು ಡಿಕೆಎಚ್ ಏರಿಸಿದರೆ, ಈಗ ಚೆನ್ನಾಗಿರುವ ಎಡಗಡೆಯೂ ಹೋಗುತ್ತದೆ. ದಿನಕ್ಕೆ 1ಕ್ಕಿಂತ ಜಾಸ್ತಿ ಏರಿಸಬಾರದು. ಇಲ್ಲಂತೂ ಏರಿಸುವ ಅಗತ್ಯವೇ ಇಲ್ಲ.

ರೀಫ್‌ರಾಜ
ನನ್ನ ಅನುಭವ ಹೇಳಿದೆ. ಒಪ್ಪಲೇಬೇಕು ಅಂತೇನೂ ಇಲ್ಲ.

ಹಳೇಬಕೆಟ್
ಒಪ್ಪಲಿಲ್ಲ 🙂

ತೆರೆಮರೆ
ಕ್ಲೌನ್ ಜೋಡಿ ಟಾರ್ಚ್ ಒಳಗೆ ಮಲಗುತ್ತವಾ ಸರ್? ಅವು ವಾಸಿಸುವ ಆನಿಮನಿ (ಕಡಲ ಹೂವು) ಇಲ್ಲದಿದ್ದರೆ ಟಾರ್ಚನ್ನೇ ಮನೆ ಮಾಡಿಕೊಳ್ಳುತ್ತವೆ. ನಮ್ಮ ಹೆಣ್ಣು ಕ್ಲೌನ್ ರಾತ್ರಿಯೆಲ್ಲ ಉಜ್ಜಿ ಉಜ್ಜಿ ಒಂದು ಹ್ಯಾಮರ್ ಅನ್ನು ಬಾಯಿ ಬಿಡದ ಹಾಗೆ ಮಾಡಿತ್ತು.

ನೀಲಿಗಾಜು
@ತೆರೆಮರೆ ಇಲ್ಲ ಮೇಡಂ, ಅವು ಮಲಗುವುದು ಮೇಲುಗಡೆ ಹೀಟರ್ ಪಕ್ಕದ ಮೂಲೆಯಲ್ಲಿ. ಟಾರ್ಚ್ ಕಡೆ ತಲೆಯೂ ಹಾಕುವುದಿಲ್ಲ. ಅಂದಹಾಗೆ ಹೆಣ್ಣು ಕ್ಲೌನ್ ಅಂತ ಹೇಗೆ ಗೊತ್ತಾಗುತ್ತದೆ?

ತೆರೆಮರೆ
ದೊಡ್ಡದು, ಜಗಳಗಂಟಿ, ಅದೇ ಹೆಣ್ಣು. ಕ್ಲೌನ್‌ಗಳು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದಾಗಿ ಮೆರೆಯುವುದು ಹೆಣ್ಣಾಗಿ ಬದಲಾಗುತ್ತದೆ. ಅದು ಸತ್ತರೆ ಅದರ ಗಂಡ ಹೆಣ್ಣಾಗುತ್ತಾನೆ. ಒಮ್ಮೆ ಹೆಣ್ಣಾದರೆ ವಾಪಸ್ ಇಲ್ಲ. ಅದಕ್ಕೇ ದೊಡ್ಡವೇ ಎರಡು ತಂದು ಬಿಟ್ಟರೆ ಒಂದು ಸಾಯುವವರೆಗೂ ಕಿತ್ತಾಡುತ್ತವೆ. ಒಂದು ದೊಡ್ಡದು ಒಂದು ಚಿಕ್ಕದು ತರಬೇಕು.

ಸೀಗಡಿಸಾಮಿ
ನಮ್ಮ ಮನೆಯಲ್ಲೂ ಹೀಗೇ, ಯಾರು ದೊಡ್ಡವರು ಅಂತ ಮೊದಲೇ ತೀರ್ಮಾನ ಆಗಿದೆ.

ಇರುಳುಹವಳ
ತಡವಾಗಿ ಓದಿದೆ. ನೀಲಿಗಾಜು ಅವರೇ, ಎರಡು ಪ್ರಶ್ನೆ. ಗ್ಯಾಲಕ್ಸಿಯಾ ಎಲ್ಲಿದೆ? ಪವರ್‌ಹೆಡ್ ಬದಲಾಯಿಸಿದ್ದು ಯಾವಾಗ?

ನೀಲಿಗಾಜು
ಗ್ಯಾಲಕ್ಸಿಯಾ ಬಲಗಡೆ ಬಂಡೆಯ ಮೇಲೆ. ಟಾರ್ಚ್‌ಗೂ ಅದಕ್ಕೂ ಮಧ್ಯೆ ಒಂದು ಗೇಣು ಜಾಗ ಇದೆ, ಅಳೆದೇ ಇಟ್ಟಿದ್ದು. ಪವರ್‌ಹೆಡ್ ಬದಲಾಯಿಸಿ ಎರಡು ವಾರ ಆಯಿತು… ಓ.

ಇರುಳುಹವಳ
ಹೌದು, ಆ "ಓ" ಸರಿಯಾಗಿದೆ.

ಗ್ಯಾಲಕ್ಸಿಯಾ ಹಗಲಲ್ಲಿ ನಕ್ಷತ್ರದ ಹೂವಿನ ಹಾಗೆ ಮುದ್ದಾಗಿ ಕೂತಿರುತ್ತದೆ. ದೀಪ ಆರಿದ ಮೇಲೆ ಅದರಿಂದ ಉದ್ದುದ್ದ ಎಳೆಗಳು ಹೊರಗೆ ಬರುತ್ತವೆ. ಸ್ವೀಪರ್ ಅಂತಾರೆ. ಆ ಎಳೆಗಳ ತುದಿಯಲ್ಲಿ ಚುಚ್ಚುವ ಕೋಶಗಳು ತುಂಬಿರುತ್ತವೆ. ಪಕ್ಕದಲ್ಲಿ ಯಾರಾದರೂ ಜಾಗ ಹಿಡಿಯಲು ಬಂದರೆ ಸುಡುವುದೇ ಅದರ ಕೆಲಸ. ಹವಳಕ್ಕೆ ಕಾಲಿಲ್ಲ, ಓಡಿಸಲು ಇರುವ ಉಪಾಯ ಇದೊಂದೇ. ನಮ್ಮ ಟ್ಯಾಂಕುಗಳಲ್ಲಿ ಆ ಎಳೆ ಒಂದು ಗೇಣು ಮೀರಿ ಹೋಗುವುದನ್ನು ನಾನೇ ನೋಡಿದ್ದೇನೆ. ನೀರಿನ ಸೆಳೆತ ಯಾವ ಕಡೆಗೋ ಎಳೆಯೂ ಆ ಕಡೆಗೆ. ಮೊದಲು ನಿಮ್ಮ ನೀರು ಎಡದಿಂದ ಬಲಕ್ಕೆ ಹರಿಯುತ್ತಿತ್ತು, ಎಳೆಗಳು ಬಲಗಾಜಿಗೆ ಹೋಗಿ ಸುಮ್ನೆ ಒದ್ದಾಡುತ್ತಿದ್ದವು. ಈಗ ನೀವೇ ಅದನ್ನು ಟಾರ್ಚ್ ಮೇಲೆ ತಿರುಗಿಸಿದ್ದೀರಿ.

ನಂಬಬೇಡಿ, ನೋಡಿ. ದೀಪ ಆರಿ ಮೂರು ನಾಲ್ಕು ಗಂಟೆ ಆದಮೇಲೆ ಕೆಂಪು ಬೆಳಕು ಹಿಡಿದು ನೋಡಿ. ಬ್ಯಾಟರಿಗೆ ಕೆಂಪು ಹಾಳೆ ಸುತ್ತಿದರೂ ಸಾಕು. ಬಿಳಿ ಬೆಳಕು ಬಿಟ್ಟರೆ ಒಳಗೆ ಎಳೆದುಕೊಂಡುಬಿಡುತ್ತದೆ.

ರೀಫ್‌ರಾಜ
ಗ್ಯಾಲಕ್ಸಿಯಾ ಅಷ್ಟು ದೂರ ಬರುತ್ತದಾ? ನಂಬೋಕೆ ಕಷ್ಟ. ಸುಟ್ಟಂತೆ ಕಂಡರೆ ಬ್ರೌನ್ ಜೆಲ್ಲಿ ರೋಗವೂ ಇರಬಹುದು ಅಲ್ವಾ?

ಇರುಳುಹವಳ
ಬ್ರೌನ್ ಜೆಲ್ಲಿ ಬಂದರೆ ಕಂದು ಲೋಳೆ ನೇತಾಡುತ್ತದೆ, ಹತ್ತಿರ ಹೋದರೆ ಕೊಳೆತ ನಾತ ಹೊಡೆಯುತ್ತದೆ, ಒಂದು ತಲೆಯಿಂದ ಮತ್ತೊಂದಕ್ಕೆ ದಿನಗಳಲ್ಲೇ ಹರಡುತ್ತದೆ. ಇದು ಎರಡು ವಾರದಿಂದ ಒಂದೇ ಪಕ್ಕದಲ್ಲಿ ನಿಂತಿದೆ. ರೋಗಕ್ಕೆ ಎಡ ಬಲ ಗೊತ್ತಿರುವುದಿಲ್ಲ.

ಹೊಸಅಲೆ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಎರಡು ತಿಂಗಳ ಹಿಂದೆ ಶುರು ಮಾಡಿದವಳು. ವಾರಕ್ಕೊಮ್ಮೆ ನೀರು ಇಳಿದಾಗ ಉಪ್ಪು ಕಲಸಿದ ನೀರನ್ನೇ ತುಂಬಿಸುತ್ತಿದ್ದೇನೆ. ಈಗ ಸಾಂದ್ರತೆ 1.031 ತೋರಿಸುತ್ತಿದೆ. ಮೀಟರ್ ಕೆಟ್ಟಿದೆಯಾ?

ತೆರೆಮರೆ
ಅಯ್ಯೋ ಮಗಾ. ಮೀಟರ್ ಕೆಟ್ಟಿಲ್ಲ, ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಒಳಗೇ ಉಳಿಯುತ್ತದೆ. ಇಳಿದಷ್ಟಕ್ಕೆ ಉಪ್ಪಿಲ್ಲದ, ಸೋಸಿ ಶುದ್ಧ ಮಾಡಿದ ಆರ್‌ಒ-ಡಿಐ ನೀರು ಹಾಕಬೇಕು. ಕೊಳೆ ನೀರು ತೆಗೆದು ಬದಲಾಯಿಸುವಾಗ ಮಾತ್ರ ಉಪ್ಪುನೀರು. ಇವತ್ತೇ ಗಾಬರಿಯಿಂದ ಸಿಹಿನೀರು ಸುರಿದು ಇಳಿಸಬೇಡ. ದಿನಕ್ಕೆ ಸ್ವಲ್ಪ ಸ್ವಲ್ಪ, ವಾರದಲ್ಲಿ 1.026ಕ್ಕೆ ತಾ.

ಹಳೇಬಕೆಟ್
ಹಾಗೇ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಅನ್ನು ಬರೀ ನೀರಲ್ಲಿ ಸೊನ್ನೆಗೆ ಕೂರಿಸಿ ನಂಬಬೇಡಮ್ಮ. 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಅಳತೆ ದ್ರಾವಣ ಸಿಗುತ್ತದೆ, ಅದರಲ್ಲಿ ಸರಿಪಡಿಸಿಕೋ. ಸೊನ್ನೆಯಲ್ಲಿ ಸರಿ ಇದ್ದು 35ರಲ್ಲಿ ಎರಡು ಮೂರು ಅಂಕ ತಪ್ಪು ತೋರಿಸಿದ ಮೀಟರ್ ನನ್ನ ಹತ್ತಿರವೇ ಇತ್ತು. ಒಂದು ವರ್ಷ ಮೋಸ ಹೋದೆ.

ಹೊಸಅಲೆ
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಬಸವನಹುಳುಗಳು ಯಾಕೆ ಗಾಜಿನಿಂದ ಉದುರುತ್ತಿದ್ದವು ಅಂತ ಈಗ ಗೊತ್ತಾಯಿತು.

ನೀಲಿಗಾಜು
ರಾತ್ರಿ ಒಂದೂವರೆಗೆ ಎದ್ದು ನೋಡಿದೆ. ಟಾರ್ಚ್ ಹಿಡಿದು ಟಾರ್ಚ್ ನೋಡಿದ್ದು ಇದೇ ಮೊದಲು.

ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಗ್ಯಾಲಕ್ಸಿಯಾದಿಂದ ಜೇಡನ ಎಳೆಯಂಥದ್ದು ಏಳೆಂಟು ಹೊರಗೆ ಬಂದಿರುವುದು ಕಂಡಿತು. ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಬಿಳಿ ಗುಂಡು. ಪವರ್‌ಹೆಡ್ ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ತಳ್ಳುತ್ತದಲ್ಲ, ಜೋರಾದಾಗಲೆಲ್ಲ ಎಳೆಗಳು ನೆಟ್ಟಗಾಗಿ ಟಾರ್ಚ್‌ನ ಬಲ ಅಂಚಿಗೆ ಹೋಗಿ ತಾಗುತ್ತಿದ್ದವು. ತಾಗಿದ ಕೂಡಲೇ ಅಲ್ಲಿನ ಮಾಂಸ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಮೆಲ್ಲಗಾದಾಗ ಎಳೆ ವಾಪಸ್. ಮತ್ತೆ ಜೋರು, ಮತ್ತೆ ತಾಗುವುದು. ಕಾಲು ಗಂಟೆ ನಿಂತು ನೋಡಿದೆ. ಏಳು ತಿಂಗಳು ಅದರ ಮುಂದೆ ಕೂತು "ಎಷ್ಟು ಶಾಂತವಾಗಿದೆ" ಅಂದುಕೊಳ್ಳುತ್ತಿದ್ದೆ ನಾನು.

ಬ್ರಿಸಲ್ ಹುಳುವಿಗೆ ಕ್ಷಮೆ ಕೇಳಿದ್ದೇನೆ.

ಸೀಗಡಿಸಾಮಿ
@ಕಪ್ಪುಮರಳು ನೀವೂ ಕೇಳಿ.

ಕಪ್ಪುಮರಳು
ಸರಿ ಸರಿ. ಹಾಗಾದರೆ ನನ್ನ ಟ್ಯಾಂಕಿನಲ್ಲಿ ಕೊಂದಿದ್ದು ಯಾರು ಅಂತ ಈಗ ತಲೆಬಿಸಿ.

ರೀಫ್‌ರಾಜ
ಒಪ್ಪಿದೆ, ನನ್ನದು ತಪ್ಪು. ಇಷ್ಟು ದೂರ ಬರುತ್ತದೆ ಅಂತ ಗೊತ್ತಿರಲಿಲ್ಲ. ಈಗ ಅದನ್ನು ಎಲ್ಲಿಗೆ ಸರಿಸುತ್ತೀರಿ?

ಇರುಳುಹವಳ
ನೀರು ಹರಿದು ಕೊನೆಗೆ ಮುಟ್ಟುವ ಕಡೆ, ಅಂದರೆ ಈಗಿನ ಲೆಕ್ಕದಲ್ಲಿ ಎಡ ಮೂಲೆ, ಮರಳಿನ ಮೇಲೆ ಒಂಟಿಯಾಗಿ. ಅದರ ಮುಂದೆ ಗಾಜು ಬಿಟ್ಟು ಬೇರೇನೂ ಇರಬಾರದು. ಇಲ್ಲವಾದರೆ ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ. 220 ಲೀಟರಿಗೆ ಗ್ಯಾಲಕ್ಸಿಯಾ ಬೇಡ ಅಂತಲೇ ನನ್ನ ಮಾತು. ಟಾರ್ಚ್‌ಗೂ ಸ್ವೀಪರ್ ಇದೆ, ಅದೇನೂ ಸಾಧು ಅಲ್ಲ. ಹ್ಯಾಮರ್ ಪಕ್ಕ ಇಟ್ಟಿದ್ದರೆ ಅಲ್ಲೂ ಕಣ್ಣಿಡಿ. ಹ್ಯಾಮರ್ ಹ್ಯಾಮರ್ ತಾಗಿದರೆ ಸಾಮಾನ್ಯವಾಗಿ ಜಗಳ ಇಲ್ಲ, ಹ್ಯಾಮರ್ ಟಾರ್ಚ್ ತಾಗಿದರೆ ಹಲವು ಸಲ ಹ್ಯಾಮರೇ ಸೋಲುತ್ತದೆ.

ಲೆದರ್ ಬಗ್ಗೆಯೂ ಒಂದು ಮಾತು. ಅದು ಮುಟ್ಟದೆಯೇ ಜಗಳ ಆಡುವ ಜಾತಿ. ನೀರಿಗೇ ಟರ್ಪೀನ್ ಅನ್ನುವ ರಾಸಾಯನಿಕ ಬಿಡುತ್ತದೆ, ದೂರದ ಕಲ್ಲುಹವಳಗಳೂ ಸೊರಗುತ್ತವೆ. ಮೆತ್ತನೆಯದು, ಕಲ್ಲಿನದು ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಇಡುವವರು ಆಕ್ಟಿವೇಟೆಡ್ ಕಾರ್ಬನ್ ಚೀಲ ಹಾಕಿ ತಿಂಗಳಿಗೊಮ್ಮೆಯಾದರೂ ಬದಲಾಯಿಸಬೇಕು. ಮೀನು ಮೀನಿಗೆ ಹೊಂದುತ್ತದಾ ಅಂತ ಎಲ್ಲರೂ ಪಟ್ಟಿ ನೋಡುತ್ತಾರೆ. ಹವಳ ಹವಳಕ್ಕೆ ಹೊಂದುತ್ತದಾ ಅಂತ ಒಬ್ಬರೂ ಕೇಳಲ್ಲ, ಗಿಡ ಅಂದುಕೊಂಡುಬಿಡುತ್ತಾರೆ.

ನೀಲಿಗಾಜು
ಇವತ್ತು ಸಂಜೆ ಸರಿಸುತ್ತೇನೆ. ಗ್ಯಾಲಕ್ಸಿಯಾ ಅಂಟಿರುವ ಬಂಡೆಯ ತುಂಬ ಜೊವಾ ಹರಡಿಕೊಂಡಿದೆ. ಗ್ಯಾಲಕ್ಸಿಯಾ ಕಿತ್ತು, ಆ ಬಂಡೆಗೆ ಕುದಿಯುವ ನೀರು ಸುರಿದು ತಿಕ್ಕಿ ತೊಳೆದು ವಾಪಸ್ ಇಡೋಣ ಅಂತಿದ್ದೇನೆ.

ಹಳೇಬಕೆಟ್
ನಿಲ್ಲಿ!! ಕುದಿಯುವ ನೀರು ಬೇಡವೇ ಬೇಡ.

ಜೊವಾ, ಅದರಲ್ಲೂ ಪ್ಯಾಲಿಥೋವಾ ಜಾತಿಯಲ್ಲಿ ಪ್ಯಾಲಿಟಾಕ್ಸಿನ್ ಇರುತ್ತದೆ. ಸಮುದ್ರದ ಜೀವಿಗಳಲ್ಲಿ ಸಿಗುವ ಅತಿ ಘೋರ ವಿಷಗಳಲ್ಲಿ ಒಂದು. ಎಲ್ಲ ಜೊವಾದಲ್ಲೂ ಒಂದೇ ಸಮ ಇರಲ್ಲ, ಆದರೆ ಯಾವುದರಲ್ಲಿ ಎಷ್ಟು ಅಂತ ನೋಡಿ ಹೇಳೋಕೆ ಆಗಲ್ಲ. ಬಿಸಿ ಮಾಡಿದರೆ ನಾಶವಾಗಲ್ಲ, ಆವಿಯ ಜೊತೆ ಗಾಳಿಗೆ ಬರುತ್ತದೆ. ಬಂಡೆ ಕುದಿಸಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲೇ ದಾಖಲಾಗಿವೆ. ಉಸಿರು ಕಟ್ಟುವುದು, ಜ್ವರ, ನಡುಕ, ಬಾಯಲ್ಲಿ ಲೋಹದ ರುಚಿ. ನಾಯಿ ಬೆಕ್ಕು ಇದ್ದರೆ ಅವಕ್ಕೂ ಅಪಾಯ.

ಬ್ರಷ್‌ನಲ್ಲಿ ತಿಕ್ಕುವುದೂ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಗ್ಯಾಲಕ್ಸಿಯಾದ ಬುಡವನ್ನು ನೀರೊಳಗೇ ಉಳಿಯಿಂದ ಎಬ್ಬಿಸಿ. ಜೊವಾ ಇದ್ದಲ್ಲೇ ಇರಲಿ.

ತೆರೆಮರೆ
ಹಳೇಬಕೆಟ್ ಹೇಳಿದ್ದಕ್ಕೆ ನಾನೇ ಸಾಕ್ಷಿ. ಮೂರು ವರ್ಷದ ಹಿಂದೆ ಜೊವಾ ತುಂಡು ಮಾಡುವಾಗ ಒಂದು ಪಾಲಿಪ್ ಚಿಮ್ಮಿ ಕಣ್ಣಿಗೆ ಬಿತ್ತು. ನೀರಲ್ಲಿ ತೊಳೆದು ಸುಮ್ಮನಾದೆ. ರಾತ್ರಿ ಹೊತ್ತಿಗೆ ಕಣ್ಣು ತೆರೆಯಲಾಗಲಿಲ್ಲ. ಡಾಕ್ಟರಿಗೆ "ಹವಳ ಚಿಮ್ಮಿತು" ಅಂದರೆ ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಹತ್ತು ದಿನ ಕಪ್ಪು ಕನ್ನಡಕ. ಈಗ ಒಂದು ಜೊವಾ ಮುಟ್ಟಬೇಕಾದರೂ ವೆಲ್ಡಿಂಗ್ ಮಾಡುವವರ ಹಾಗೆ ತಯಾರಾಗುತ್ತೇನೆ.

ನೀಲಿಗಾಜು
ದೇವರೇ. ಮಗಳು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾಳೆ ಯಾವಾಗಲೂ. ಹೇಳಿದ್ದು ಒಳ್ಳೆಯದಾಯಿತು. ಕೆಟಲ್ ಒಳಗಿಟ್ಟೆ.

ಸೀಗಡಿಸಾಮಿ
ಮಗಳು ಅಂದಕೂಡಲೇ ನೆನಪಾಯಿತು, ನೀಲಿ ಟ್ಯಾಂಗ್ ವಿಷಯ ಯಾರೂ ಹೇಳಲೇ ಇಲ್ಲ.

ಮರಿಮೀನು_77
ಚಿಕ್ಕ ಮರಿ ಹಾಕಿ, ದೊಡ್ಡದಾದ ಮೇಲೆ ಕೊಟ್ಟರಾಯಿತು. ಎಲ್ಲರೂ ಹಾಗೇ ಮಾಡೋದು.

ಹಳೇಬಕೆಟ್
"ಆಮೇಲೆ ಕೊಟ್ಟರಾಯಿತು" ಅಂದವರು ಕೊಟ್ಟಿದ್ದನ್ನು ನಾನು ನೋಡಿಲ್ಲ. ಬಂಡೆ ಸಂದಿಯಲ್ಲಿ ನುಗ್ಗಿ ಮಲಗುವ ಮೀನದು, ಹಿಡಿಯಬೇಕಾದರೆ ಪೂರ್ತಿ ಟ್ಯಾಂಕ್ ಬಿಚ್ಚಬೇಕು. ಬೆಳೆದರೆ 30 ಸೆಂಟಿಮೀಟರ್. ದಿನವಿಡೀ ಈಜುವ ಜಾತಿ. ನೀಲಿಗಾಜು ಅವರ ಟ್ಯಾಂಕ್ ಉದ್ದ ಎಷ್ಟು, ಒಂದು ಮೀಟರ್ ಇರಬಹುದಾ? ಆರಡಿ ಟ್ಯಾಂಕ್ ಇಲ್ಲದೆ ಆ ಮೀನಿನ ಮಾತೇ ಎತ್ತಬಾರದು. ಜಾಗ ಸಾಲದೆ ಒತ್ತಡ ಆಯಿತೋ, ಮೈಮೇಲೆ ಬಿಳಿ ಚುಕ್ಕೆ ರೋಗ ಏರಲು ಟ್ಯಾಂಗ್ ಮೊದಲು. ಚುಕ್ಕೆ ಬಂದರೆ ತಾಮ್ರದ ಔಷಧಿ ಬೇಕು. ಹವಳ, ಸೀಗಡಿ ಇರುವ ಟ್ಯಾಂಕಿಗೆ ತಾಮ್ರ ಹಾಕಿದರೆ ಅವೆಲ್ಲ ಸತ್ತವು ಅಂತಲೇ. ಮೀನುಗಳನ್ನೆಲ್ಲ ಬೇರೆ ಟ್ಯಾಂಕಿಗೆ ತೆಗೆದು, ಇಲ್ಲಿ 76 ದಿನ ಮೀನಿಲ್ಲದೆ ಬಿಡಬೇಕು. ಅದನ್ನು ಅನುಭವಿಸಿದವರು ಆಮೇಲೆ ಪ್ರತಿ ಹೊಸ ಮೀನನ್ನೂ ಮೊದಲು ಬೇರೆ ಟ್ಯಾಂಕಿನಲ್ಲೇ ಇಡುತ್ತಾರೆ.

ಮರಿಮೀನು_77
ನಾನು ಇಟ್ಟಿದ್ದೇನೆ, ಒಂದೂವರೆ ವರ್ಷದಿಂದ ಚೆನ್ನಾಗಿದೆ. ಸುಮ್ನೆ ಹೆದರಿಸಬೇಡಿ.

ಹಳೇಬಕೆಟ್
ಎಷ್ಟು ಲೀಟರ್?

ಮರಿಮೀನು_77
180.

ಹಳೇಬಕೆಟ್
ದಶಕಗಟ್ಟಲೆ ಬದುಕುವ ಮೀನು ಅದು. ಒಂದೂವರೆ ವರ್ಷ ಅಂದರೆ ಇನ್ನೂ ಬಾಲ್ಯ.

ತೆರೆಮರೆ
ಜಗಳ ಬಿಡಿ. ಮಗುವಿಗೆ ಬೇಕಾಗಿರುವುದು ಬಣ್ಣ, ಅಲ್ವಾ? ಫೈರ್‌ಫಿಶ್ ಇದೆ, ಆದರೆ ಹಾರುತ್ತದೆ, ಮೇಲೆ ಬಲೆ ಮುಚ್ಚಳ ಬೇಕು. ನನ್ನದೊಂದು ಸೋಫಾ ಕೆಳಗೆ ಒಣಗಿ ಸಿಕ್ಕಿತ್ತು. ಇನ್ನೊಂದು ಬಂಗ್ಗಾಯ್ ಕಾರ್ಡಿನಲ್. ಮೂಲತಃ ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತಿನ ಮೀನು. ನಮ್ಮಂಥ ಹವ್ಯಾಸಿಗಳಿಗಾಗಿಯೇ ಹಿಡಿದು ಹಿಡಿದು 2007ರಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಗೆ ಸೇರಿತು. ಅದಕ್ಕೇ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದದ್ದು ಅಂತ ಖಚಿತವಾದರೆ ಮಾತ್ರ ತನ್ನಿ. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಏನೂ ತಿನ್ನಲ್ಲ. ಮಕ್ಕಳಿಗೆ ತೋರಿಸಲು ಅದಕ್ಕಿಂತ ಏನು ಬೇಕು?

ರೀಫ್‌ರಾಜ
ಮ್ಯಾಂಡರಿನ್ ಮೀನು ಮಾತ್ರ ತರಬೇಡಿ, ಬಣ್ಣಕ್ಕೆ ಮರುಳಾಗಿ. ಅದು ತಿನ್ನುವುದು ಬಂಡೆ ಮೇಲಿನ ಕೋಪೆಪಾಡ್ ಅನ್ನುವ ಪುಟಾಣಿ ಜೀವಿಗಳನ್ನು, ದಿನವಿಡೀ ಕೊಕ್ಕಿನ ಹಾಗೆ ಹೆಕ್ಕುತ್ತಿರುತ್ತದೆ. ನಿಮ್ಮ ಸಿಕ್ಸ್‌ಲೈನೂ ಅದನ್ನೇ ತಿನ್ನುವುದು. ಏಳು ತಿಂಗಳ ಟ್ಯಾಂಕಿನಲ್ಲಿ ಇಬ್ಬರಿಗೂ ಸಾಲಲ್ಲ. ನನ್ನದು ಹೊಟ್ಟೆ ಬೆನ್ನಿಗೆ ಅಂಟಿ ಸತ್ತಿತು, ಅದೂ ಟ್ಯಾಂಕಿಗೆ ದಿನಾ ಎರಡು ಹೊತ್ತು ಆಹಾರ ಬೀಳುತ್ತಿದ್ದಾಗ. ಇದನ್ನಾದರೂ ಒಪ್ಪುತ್ತೀರಾ ಹಳೇಬಕೆಟ್?

ಹಳೇಬಕೆಟ್
ಒಪ್ಪಿದೆ. ಸಿಕ್ಸ್‌ಲೈನ್ ಈಗಾಗಲೇ ಇದೆ ಅನ್ನುವುದನ್ನೂ ಮರೆಯಬೇಡಿ. ಆರು ಗೆರೆಯ ರೌಡಿ ಅದು. ಅದರ ನಂತರ ಬರುವ ಯಾವ ಚಿಕ್ಕ ಮೀನಿಗೂ ಮೊದಲ ವಾರ ನರಕ. ಹೊಸದನ್ನು ತೂತಿನ ಡಬ್ಬಿಯಲ್ಲಿ ನಾಲ್ಕು ದಿನ ಟ್ಯಾಂಕಿನೊಳಗೇ ನೇತುಹಾಕಿ, ಮುಖ ಪರಿಚಯ ಆಗಲಿ.

ಸೀಗಡಿಸಾಮಿ
ಇಷ್ಟೆಲ್ಲ ಸಾಮಾನು, ಮೀಟರ್, ಡಬ್ಬಿ. 1960ರ ದಶಕದ ಆರಂಭದಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಬರೀ ಜೀವಂತ ಬಂಡೆ (ಸಮುದ್ರದ ಜೀವಿಗಳು ಅಂಟಿರುವ ಕಲ್ಲು), ಸಮುದ್ರದ ನೀರು, ಬಿಸಿಲು, ಒಂದು ಗಾಳಿಗುಳ್ಳೆ ಪಂಪ್ ಇಟ್ಟುಕೊಂಡು ಹವಳ ಸಾಕಿದ್ದರು.

ಹಳೇಬಕೆಟ್
ಸಮುದ್ರ ಪಕ್ಕದಲ್ಲೇ ಇದ್ದರೆ ನಾನೂ ಸಾಕುತ್ತೇನೆ.

ನೀಲಿಗಾಜು
ಹನ್ನೆರಡು ದಿನದ ಸುದ್ದಿ. ಗ್ಯಾಲಕ್ಸಿಯಾ ಎಡ ಮೂಲೆಯ ಮರಳಿನ ಮೇಲೆ ಒಂಟಿಯಾಗಿದೆ. ಕಿತ್ತು ಇಡಲು ಒಂದು ಗಂಟೆ ಹಿಡಿಯಿತು, ಗ್ಲೌಸ್ ಕನ್ನಡಕ ಎಲ್ಲ ಹಾಕಿದ್ದೆ. ಕಾರ್ಬನ್ ಹಾಕಿದೆ. ಬೇರೆ ಏನನ್ನೂ ಏರಿಸಲೂ ಇಲ್ಲ ಇಳಿಸಲೂ ಇಲ್ಲ.

ಟಾರ್ಚ್‌ನ ಗಾಯ ಮುಂದುವರಿದಿಲ್ಲ. ಬಿಳಿ ಮೂಳೆಯ ಅಂಚಿನಲ್ಲಿ ಮಾಂಸ ಮಡಚಿಕೊಂಡು ಸ್ವಲ್ಪ ಉಬ್ಬಿದೆ. ನಿನ್ನೆ ಬಲಗಡೆಯ ನಾಲ್ಕು ಎಳೆಗಳು ಅರ್ಧ ಉದ್ದಕ್ಕೆ ಹೊರಬಂದಿದ್ದವು. ಮೂಳೆ ಕಂಡಲ್ಲಿ ಮತ್ತೆ ಮಾಂಸ ಬರುತ್ತದಾ?

ಮಗಳಿಗೆ ಟ್ಯಾಂಗ್ ಬೇಡ ಅಂತ ಒಪ್ಪಿಸಿದ್ದು ನಾನಲ್ಲ. ಟೇಪ್ ಕೊಟ್ಟು 30 ಸೆಂಟಿಮೀಟರ್ ಅಳೆದು ಗಾಜಿನ ಮೇಲೆ ಹಿಡಿ ಅಂದೆ. ಹಿಡಿದು ನೋಡಿ, "ಇದು ತಿರುಗೋದು ಹೇಗೆ ಅಪ್ಪಾ?" ಅಂದಳು. ಅಷ್ಟೇ.

ಇರುಳುಹವಳ
ಅಂಚಿನಲ್ಲಿ ಮಾಂಸ ಉಬ್ಬಿದ್ದರೆ ಒಳ್ಳೆಯ ಲಕ್ಷಣ. ನಿಧಾನವಾಗಿ ಬರಬಹುದು, ತಿಂಗಳುಗಳ ಲೆಕ್ಕ. ಬರಿ ಮೂಳೆಯ ಮೇಲೆ ಪಾಚಿ ಕೂರದ ಹಾಗೆ ನೋಡಿಕೊಳ್ಳಿ. ಹ್ಯಾಮರ್ ಟಾರ್ಚ್ ಮಧ್ಯೆ ಎಷ್ಟು ಜಾಗ ಇದೆ?

ನೀಲಿಗಾಜು
ನಾಲ್ಕು ಬೆರಳು.

ಇರುಳುಹವಳ
ಇವತ್ತು ರಾತ್ರಿ ಮತ್ತೆ ಒಂದೂವರೆಗೆ ಅಲಾರಂ ಇಡಿ.